ಮಂಜುಗಡ್ಡೆಯ ಮೇಲೆ ಯಲ್ಲಾ

ಜಗತ್ತಿನಲ್ಲಿ ಗುಡಿಸುವವರು ಮತ್ತು ಗುಡಿಸುವಾಗ ಕಾಲೆತ್ತಿ ಕೂರುವವರು ಎಂದು ಎರಡೇ ವರ್ಗ. ಮಸ್ಕತ್ತಿನ ರೂವಿ ಬಡಾವಣೆಯ ನಮ್ಮ ಬಾಡಿಗೆ ಫ್ಲ್ಯಾಟಿಗೆ ನಿತ್ಯ ನುಗ್ಗುವ ಮರುಭೂಮಿಯ ಧೂಳಿನ ಕೃಪೆಯಿಂದ ನಾನು ಎರಡನೆಯ ವರ್ಗದಲ್ಲಿ ಪರಿಣತಿ ಸಾಧಿಸಿದ್ದೆ. ಹಾಗಾಗಿ ಗುಡಿಸುವುದೂ ಒಂದು ಕ್ರೀಡೆ, ಅದಕ್ಕೆ ಪದಕವೂ ಉಂಟು ಎಂಬ ಸುದ್ದಿ ಕೆನಡಾದಿಂದ ಬಂದಾಗ ನನಗಾದದ್ದು ಆನಂದಕ್ಕಿಂತ ಆತಂಕವೇ ಹೆಚ್ಚು.

ಸುದ್ದಿ ಕೊಟ್ಟವಳು ನನ್ನ ತಮ್ಮನ ಮಗಳು ವೀಣಾ. ಎಂಬತ್ತರ ದಶಕದಲ್ಲಿ ಅವಳ ತಂದೆತಾಯಿ ಇಬ್ಬರೂ ಮಸ್ಕತ್ತಿನಲ್ಲಿ ಆಫೀಸಿಗೆ ಹೋಗುತ್ತಿದ್ದುದರಿಂದ, ಮಕ್ಕಳಿಲ್ಲದ ನಮ್ಮ ಮನೆಯಲ್ಲೇ ಅವಳು ಬೆಳೆದಳು. ನನ್ನ ಹೆಂಡತಿ ಸರೋಜ ತುಳುವಿನಲ್ಲಿ ಕೇಳಿದ್ದಕ್ಕೆ ಹುಡುಗಿ ಇಂಗ್ಲಿಷಿನಲ್ಲಿ, ಅದೂ ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ, ಉತ್ತರಿಸುತ್ತಿದ್ದಳು. ತಮ್ಮನ ಸಂಸಾರ ಕೆನಡಾಕ್ಕೆ ಹೊರಟುಹೋದ ಮೇಲೂ ಸರೋಜ ಬಹುಕಾಲ ಶಾಲೆಯ ಬಸ್ಸು ಬರುವ ಹೊತ್ತಿಗೆ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದಳು.

ತೊಂಬತ್ತರ ದಶಕದ ಒಂದು ಶುಕ್ರವಾರ ಫೋನು ಬಂತು. “ದೊಡ್ಡಮ್ಮ, ನ್ಯಾಷನಲ್ ಯೂತ್ ಗೇಮ್ಸ್‌ಗೆ ಸೆಲೆಕ್ಟ್ ಆದೆ. ಕರ್ಲಿಂಗ್!”

ಸರೋಜ ಅದನ್ನು ಕೇಶಾಲಂಕಾರದ ಸ್ಪರ್ಧೆಯೆಂದೇ ಭಾವಿಸಿ, ಇದ್ದ ನೀಳ ಜಡೆಯನ್ನು ಕೆಡಿಸಿದರಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ತಮ್ಮ ರಿಸೀವರು ತೆಗೆದುಕೊಂಡು ವಿವರಿಸಿದ: ಮಂಜುಗಡ್ಡೆಯ ಮೇಲೆ ಭಾರದ ಕಲ್ಲನ್ನು ಜಾರಿಸಬೇಕು, ಇಬ್ಬರು ಅದರ ಮುಂದೆ ಪೊರಕೆಯಿಂದ ಉಜ್ಜುತ್ತ ಓಡಬೇಕು, ಉಜ್ಜಿದಷ್ಟೂ ಕಲ್ಲು ದೂರ ಸಾಗುತ್ತದೆ, ಕೊನೆಗೆ ವೃತ್ತದ ನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ.

“ನಮ್ಮ ಹುಡುಗಿಯನ್ನು ಅಷ್ಟು ದೂರ ಕರಕೊಂಡು ಹೋದದ್ದು ಗುಡಿಸ್ಲಿಕ್ಕಾ?”

“ಅವಳು ಗುಡಿಸುವುದಲ್ಲ ಅತ್ತಿಗೆ, ಕ್ಯಾಪ್ಟನ್. ಯಾವಾಗ ಉಜ್ಜಬೇಕು, ಯಾವಾಗ ನಿಲ್ಲಿಸಬೇಕು ಅಂತ ಬೊಬ್ಬೆ ಹಾಕಬೇಕು. ದನಿಯೇ ಹೊರಡುವುದಿಲ್ಲ. ಹೀಗೇ ಆದರೆ ಬೇರೆಯವರನ್ನು ಕ್ಯಾಪ್ಟನ್ ಮಾಡ್ತೇನೆ ಅಂತ ಕೋಚ್ ಹೇಳಿದ್ದಾರೆ.”

ಸರೋಜ ಆ ವಾರವಿಡೀ ಅಡುಗೆಗೆ ಉಪ್ಪು ಹಾಕಲು ಮರೆತಳು.

ಕ್ರೀಡಾಕೂಟ ಮುಗಿದ ಮೇಲೆ ತಮ್ಮ ಫಲಿತಾಂಶ ಹೇಳದೆ ಒಂದು ವಿಡಿಯೊ ಕ್ಯಾಸೆಟ್ಟು ಕಳಿಸಿದ. ನಮ್ಮ ವಿಸಿಆರ್‌ಗೆ ಆ ದೇಶದ ಟೇಪು ರುಚಿಸಲಿಲ್ಲ. ಬರೀ ಗೆರೆಗಳನ್ನು ಕಕ್ಕಿತು. ಕೊನೆಗೆ, ಎಲ್ಲ ದೇಶದ ಟೇಪುಗಳನ್ನೂ ಓಡಿಸಬಲ್ಲ ಯಂತ್ರವಿದ್ದ ಕೆಳಗಿನ ವಿಡಿಯೊ ಅಂಗಡಿಯ ಹಮೀದಾಕ, ಉಳ್ಳಾಲದ ಕಡೆಯ ಬ್ಯಾರಿ, ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಅರ್ಧ ಶಟರು ಎಳೆದು ನಮ್ಮನ್ನು ಕೂರಿಸಿದರು.

ಕಂಚಿನ ಪದಕದ ಪಂದ್ಯ. ನಾನು ಕೇರಂ ಅನುಭವದ ಬಲದಿಂದ ವ್ಯಾಖ್ಯಾನ ಶುರುಮಾಡಿ, ಎದುರಾಳಿಗಳ ಒಳ್ಳೆಯ ಹೊಡೆತಕ್ಕೆಲ್ಲ ಚಪ್ಪಾಳೆ ತಟ್ಟಿದ್ದರಿಂದ ಬೇಗನೆ ಬಾಯಿ ಮುಚ್ಚಿಸಿಕೊಂಡೆ. ಅಂಕ ಸಮಸಮ. ಕೊನೆಯ ಕಲ್ಲು ವೀಣಾಳದು. ಅವಳು ಜಾರುತ್ತ ಬಂದು ಕಲ್ಲನ್ನು ಬಿಟ್ಟಳು. ಅದು ಮಧ್ಯದಲ್ಲೇ ಮಂದವಾದಂತೆ ಕಂಡಿತು.

“ಯಲ್ಲಾ! ಯಲ್ಲಾ! ಯಲ್ಲಾ!”

ಹಮೀದಾಕ ಕುರ್ಚಿಯಿಂದ ಎದ್ದೇಬಿಟ್ಟರು. ಆ ಕೂಗು ಟಿವಿಯೊಳಗಿಂದಲೇ ಬಂದಿತ್ತು. ಇಂಗ್ಲಿಷಿನಲ್ಲಿ ಏಳದ ವೀಣಾಳ ದನಿ, ‘ಬೇಗ, ನಡೀರಿ’ ಎಂದು ಅವಸರಿಸುವ ರೂವಿಯ ಬಸ್‌ ನಿಲ್ದಾಣದ ಅರಬಿ ಮಾತಿನಲ್ಲಿ ಎದ್ದು ನಿಂತಿತ್ತು; ಕೆಂಪುಗಲ್ಲದ ಇಬ್ಬರು ಕೆನಡಾದ ಹುಡುಗಿಯರು ಅದಕ್ಕೆ ಪೂರ್ತಿ ಪಳಗಿದವರಂತೆ ಜೀವ ಬಿಟ್ಟು ಉಜ್ಜುತ್ತಿದ್ದರು. ಕಲ್ಲಿಗೆ ಮತ್ತೆ ಜೀವ ಬಂತು.

“ಖಲಾಸ್!”

ಪೊರಕೆಗಳು ಒಟ್ಟಿಗೆ ಮೇಲೆದ್ದವು. ಕಲ್ಲು ಮೆಲ್ಲನೆ ಬಾಗಿ, ಎದುರಾಳಿಯ ಕಲ್ಲನ್ನು ತಾಕದೆ ಸುತ್ತಿಬಂದು, ವೃತ್ತದ ನಡುವೆ ಹೋಗಿ ಕೂತಿತು. ವೀಣಾ ಗೆಳತಿಯರ ತೋಳುಗಳ ಮಧ್ಯೆ ಮುಚ್ಚಿಹೋದಳು. ಸರೋಜ ಸೆರಗಿನಿಂದ ಮೊದಲು ಕಣ್ಣನ್ನು, ಆಮೇಲೆ ಯಾಕೋ ಟಿವಿಯ ಗಾಜನ್ನು ಒರೆಸಿದಳು.

ಶಟರಿನಡಿ ಒಂದು ತಲೆ ಬಾಗಿ ಒಳಬಂತು. ಕ್ಯಾಸೆಟ್ಟು ಮರಳಿಸಲು ಬಂದ ಒಮಾನಿ ಟ್ಯಾಕ್ಸಿ ಚಾಲಕ, ಹೊರಗೆ ಯಲ್ಲಾ ಕೇಳಿ ತನ್ನನ್ನೇ ಕರೆದರೆಂದು ತಿಳಿದಿದ್ದ. ಪರದೆಯ ಮೇಲಿನ ಮಂಜುಗಡ್ಡೆಯನ್ನೂ ಹುಡುಗಿಯನ್ನೂ ನೋಡಿ ಅಚ್ಚರಿಯಿಂದ ಕೇಳಿದ: “ಯೇ ಕಿಸ್ಕಾ ಬೇಟಿ?”

ಅಪರಿಚಿತರ ಮುಂದೆ ನನ್ನನ್ನೇ ಮುಂದೆ ತಳ್ಳುವ ಸರೋಜ ನೆಟ್ಟಗೆ ಕೂತು ಹೇಳಿದಳು: “ಹಮಾರಾ. ರೂವಿ ಕಾ.”

ತಮ್ಮನ ಮಗಳೆಂದು ಸ್ಪಷ್ಟಪಡಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಹಮೀದಾಕ ಟೇಪನ್ನು ಹಿಂದಕ್ಕೆ ಓಡಿಸಿಯಾಗಿತ್ತು. ಚಾಲಕ ಸ್ಟೂಲು ಎಳೆದುಕೊಂಡ. ಅವನಿಗೂ ಕಾಣಲೆಂದು ಸರೋಜ ಸ್ವಲ್ಪ ಸರಿದು ಕೂತಳು.