ಜೇಡಕ್ಕೆ ಆರೇ ಕಾಲು

ಕರಕುಮ್ ಮರಳುಗಾಡಿನಲ್ಲಿ ಅಜಿಗುಯಿ ಬಾವಿಗೆ ಹೋಗುವವರಿಗೆ ಬಾವಿ ಕಾಣುವ ಮೊದಲೇ ಬೊಸ್ಸಾನಳ ದನಿ ಕೇಳಿಸುತ್ತದೆ. ಒಂಟೆಗೆ ಬೈಯುತ್ತ, ನಾಯಿಗೆ ಬುದ್ಧಿ ಹೇಳುತ್ತ, ಬಂದವರ ಊರಿನ ಮದುವೆ ಬಾಣಂತನ ಎಲ್ಲ ವಿಚಾರಿಸುತ್ತ, ಅವರು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ತಾನೇ ಕೊಟ್ಟು ಮುಗಿಸುವ ಹೆಂಗಸು ಅವಳು. ಇಂಥ ಬೊಸ್ಸಾನ್, ಮದುವೆಯಾದ ಹೊಸತರಲ್ಲಿ, ಒಂದು ಇಡೀ ವಸಂತಕಾಲ ಮಾವನ ಮುಂದೆ ತುಟಿಪಿಟಿಕ್ ಎನ್ನದೆ ಇದ್ದಳು ಅಂದರೆ ಈಗಿನವರು ಯಾರೂ ನಂಬುವುದಿಲ್ಲ.

ಆದರೆ ಇದ್ದಳು. ಇರಲೇಬೇಕಿತ್ತು. ಹೊಸ ಸೊಸೆಯಾದವಳು ತಲೆವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಾವನ ಎದುರು ಮೂಗಿಯಂತೆ ಓಡಾಡಬೇಕು. ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಬಹುದು, ಗಂಡನ ಜೊತೆ ಮರೆಯಲ್ಲಿ ಮಾತಾಡಬಹುದು, ಮಾವನ ಮುಂದೆ ಮಾತ್ರ ಕೆಮ್ಮಿದರೂ ಮೆಲ್ಲಗೆ. ಈ ಮೌನ ಬಿಡಿಸಬೇಕಾದವನು ಮಾವನೇ. ಅವನು ಉಡುಗೊರೆ ಕೊಟ್ಟು "ಮಾತಾಡಮ್ಮಾ" ಅನ್ನಬೇಕು. ಅವಳ ಮಾವ ತುವಾಕ್ ಆಗಾನ ಮನೆತನದಲ್ಲಿ ಇದಕ್ಕೆ ಇನ್ನೊಂದು ಬಾಲವಿತ್ತು. ಕುರಿಯ ಉಣ್ಣೆ ಕತ್ತರಿಸುವ ಹಬ್ಬದವರೆಗೆ ಸೊಸೆ ಬಾಯಿ ಬಿಡದಿದ್ದರೆ ಅವಳು ಬೊಟ್ಟು ಮಾಡಿದ ಒಂಟೆಮರಿ ಅವಳದು. ನಡುವೆ ತಾನಾಗಿ ಮಾತಾಡಿದಳೋ, ಒಂದು ತಲೆವಸ್ತ್ರ, ಅಲ್ಲಿಗೆ ಲೆಕ್ಕ ಚುಕ್ತಾ.

ಬೊಸ್ಸಾನಳ ಕಣ್ಣಿದ್ದದ್ದು ಪಗ್ತಾ ಮೇಲೆ. ಪಗ್ತಾ ಅಂದರೆ ಹತ್ತಿ. ಹತ್ತಿಯಷ್ಟೇ ಬಿಳಿಯ ತಬ್ಬಲಿ ಮರಿ ಅದು, ತಾಯಿ ಸತ್ತಮೇಲೆ ಬೊಸ್ಸಾನಳೇ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದ್ದಳು. ಗಂಡ ಹೆಮ್ರಾ ಹಗಲೆಲ್ಲ ಕುರಿಮಂದೆಯ ಹಿಂದೆ. ತೇಜೆನ್ ಪಟ್ಟಣದ ಬಜಾರಿನ ಬೀದಿಯಲ್ಲಿ ಬೆಳೆದ ಹುಡುಗಿಗೆ ಈ ಮರಳಿನಲ್ಲಿ ಗಟ್ಟಿಯಾಗಿ ಮಾತಾಡಲು ಸಿಕ್ಕ ಜೀವ ಅಂದರೆ ಅದೊಂದೇ. ದಿಬ್ಬದ ಆಚೆಗೆ ಹೋಗಿ ಅದರ ಕತ್ತು ತಬ್ಬಿಕೊಂಡು ಅವಳು ಇಡೀ ದಿನದ ಮಾತನ್ನು ಸುರಿದುಬಿಡುತ್ತಿದ್ದಳು. ಅದು ಕಿವಿ ಅಲ್ಲಾಡಿಸುತ್ತ, ನಡುನಡುವೆ ಅವಳ ತೋಳು ಚೀಪುತ್ತ ಎಲ್ಲ ಕೇಳುತ್ತಿತ್ತು. ಹಬ್ಬದ ಮಾರನೆಯ ದಿನ ತುವಾಕ್ ಆಗಾ ಮರಿಗಳನ್ನೆಲ್ಲ ಮಾರಿ ಪಟ್ಟಣದ ವ್ಯಾಪಾರಿಗೆ ಹೊಡೆದುಕೊಂಡು ಹೋಗುವವನಿದ್ದ. ತನ್ನದಾಗದಿದ್ದರೆ ಪಗ್ತಾ ಕೂಡ ಹೋಗುತ್ತದೆ, ಅಷ್ಟೇ.

ಬಾಯಿ ಮುಚ್ಚಿಕೊಂಡಿರುವುದೇನು ಮಹಾ ಅಂತ ಅವಳು ಬಂದ ದಿನ ಅಂದುಕೊಂಡಿದ್ದಳು. ಮರಳುಗಾಡಿನ ಹುಳಹುಪ್ಪಟೆಗಳ ಪರಿಚಯ ಆಗ ಇನ್ನೂ ಆಗಿರಲಿಲ್ಲ!

ವಸಂತ ಬಂದು, ಕುರಿಗಳ ಹಿಂದೆ ಹೊರಟು, ಬಾವಿಯ ಹತ್ತಿರ ಗುಡಾರ ಹಾಕಿದ್ದೇ ತಡ, ಮರಳಿನ ಒಳಗಿದ್ದ ಪ್ರಜೆಗಳೆಲ್ಲ ಎದ್ದು ಬಂದರು. ಸೌದೆ ಎತ್ತಿದರೆ ಕೆಳಗೆ ಚೇಳು, ಬಾಲ ಎತ್ತಿಕೊಂಡು ಜಗಳಕ್ಕೆ ತಯಾರು. ರೊಟ್ಟಿಯ ಚೂರು ಬಿದ್ದರೆ ಉದ್ದ ಕಾಲಿನ ಇರುವೆಗಳು ಮೆರವಣಿಗೆ ಹೊರಡಿಸುತ್ತಿದ್ದವು. ಕಪ್ಪು ಜೀರುಂಡೆಗಳು ದಿಬ್ಬದ ಮೈಮೇಲೆ ಹೊಲಿಗೆ ಹಾಕಿದ ಹಾಗೆ ಹೆಜ್ಜೆಸಾಲು ಬಿಟ್ಟು ಹೋಗುತ್ತಿದ್ದವು. ದೀಪ ಹಚ್ಚಿದರೆ ಅಂಗೈಯಗಲದ ಹಳದಿ ಫಾಲಂಗಾ ಜೇಡ ಕುದುರೆಯ ಹಾಗೆ ಓಡಿ ಬಂದು, ಬೆಳಕಿನಲ್ಲಿ ಒಂದು ಸುತ್ತು ಹಾಕಿ, ಯಾರದೋ ತೊಡೆ ಹತ್ತಿ ಇಳಿದು ಹೋಗುತ್ತಿತ್ತು. ಬೊಸ್ಸಾನಳಿಗೆ ಪ್ರತಿಯೊಂದಕ್ಕೂ ಕಿರುಚಬೇಕು ಅನ್ನಿಸುತ್ತಿತ್ತು. ಕಿರುಚುವಂತಿಲ್ಲ. ಬಟ್ಟೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿ, ಕಣ್ಣಿನಲ್ಲೇ ಕಿರುಚಿಕೊಂಡು ಸುಮ್ಮನಾಗುತ್ತಿದ್ದಳು. ವಸಂತ ಅರ್ಧ ಆಗುವುದರೊಳಗೆ ತಲೆವಸ್ತ್ರದ ಆ ಮೂಲೆ ಇಲಿ ಕಡಿದಂತೆ ತೂತುತೂತಾಗಿತ್ತು.

ತುವಾಕ್ ಆಗಾನಿಗೆ ಇದೆಲ್ಲ ಹಬ್ಬದೂಟ! ಆ ಮುದುಕನಿಗೆ ಒಂಟೆಮರಿ ಕಳೆದುಕೊಳ್ಳುವುದೂ ಇಷ್ಟವಿಲ್ಲ, ಪಂದ್ಯದಲ್ಲಿ ಸೋಲುವುದಂತೂ ಜನ್ಮದಲ್ಲಿ ಇಷ್ಟವಿಲ್ಲ. ಬೆಳಿಗ್ಗೆ ಅವಳು ಹಿಟ್ಟಿನ ಚೀಲ ಬಿಚ್ಚಿದರೆ ಒಳಗಿನಿಂದ ಒಂದು ಸಗಣಿ ಹುಳ ಬಿಳಿ ಮೀಸೆ ಹೊತ್ತು ಹೊರಗೆ ಬರುತ್ತಿತ್ತು. ಮಾವ ಆಕಾಶ ನೋಡುತ್ತ ಕೂತಿರುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಅಸ್ತ್ರ ಬೇರೆಯೇ ಇತ್ತು. ಸಂಜೆ ತನ್ನ ಕೆಟಲಿನ ಹಸಿರು ಚಹಾ ಬಟ್ಟಲಿಗೆ ಸುರಿದುಕೊಂಡು, ಹೆಂಡತಿಗೆ ಹೇಳುವಂತೆ, ಸೊಸೆಗೆ ಕೇಳುವಂತೆ ಅವನು ಶುರುಮಾಡುತ್ತಿದ್ದ.

"ಅಲ್ವೇ ಓರಾಜ್‌ಬೀಬಿ, ದೇವರು ಜೇಡಕ್ಕೆ ಆರು ಕಾಲು ಯಾಕೆ ಕೊಟ್ಟ ಅಂತೀನಿ?"

ಬೊಸ್ಸಾನಳ ಕೈಯಲ್ಲಿದ್ದ ಸೌಟು ನಿಂತುಬಿಡುತ್ತಿತ್ತು. ಆರಾ? ಜೇಡಕ್ಕಾ?

"ನಂಗೇನ್ ಗೊತ್ತು, ನಾನೇನು ಜೇಡಕ್ಕೆ ಕಾಲುಚೀಲ ಹೆಣೀತೀನಾ?" ಅನ್ನುತ್ತಿದ್ದಳು ಅತ್ತೆ.

"ಆರೇ ಕಣೇ. ಕುರಿಗೆ ನಾಲ್ಕು, ಜೇಡಕ್ಕೆ ಆರು. ತೇಜೆನ್ ಸ್ಕೂಲಲ್ಲೂ ಆರು ಅಂತಾನೇ ಹೇಳಿಕೊಡ್ತಾರಂತೆ. ಅಲ್ಲ ಅನ್ನೋರು ಇದ್ರೆ ಈಗಲೇ ಹೇಳ್ಲಿ."

ಬೊಸ್ಸಾನ್ ಗುಡಾರದ ಹಿಂದಕ್ಕೆ ಓಡಿಹೋಗಿ ಪಗ್ತಾಳ ಮುಖ ಹಿಡಿದುಕೊಂಡು, "ಎಂಟು! ಎಂಟು ಕಣೇ! ಆ ಮನುಷ್ಯನಿಗೆ ಬೇಕೂಂತಾನೇ ಆರು!" ಅಂತ ಅದರ ಮೂಗಿಗೆ ಮೂಗು ಹಚ್ಚಿ ಹೇಳಿ ಬರುತ್ತಿದ್ದಳು. ದಿನಾ ಸಂಜೆ ಇದೇ.

ಹಬ್ಬ ಹತ್ತಿರ ಬಂತು. ಅತ್ತೆ ಪಕ್ಕದ ಬಾವಿಯ ನೆಂಟರ ಮನೆಗೆ ಹೋಗಿದ್ದಳು. ಮನೆ ಥಳಥಳ ಅನ್ನಬೇಕು ಅಂತ ಬೊಸ್ಸಾನಳಿಗೆ ಹುಮ್ಮಸ್ಸು ಬಂತು. ಗುಡಾರದ ಮುಂದೆ ಹಾಸುವ ಕೆಚೆಯನ್ನು ಎಳೆದು ತಂದಳು. ಕುರಿಯುಣ್ಣೆಯನ್ನು ಬಿಸಿನೀರಲ್ಲಿ ಉರುಳಿಸಿ, ಬಡಿದು ಮಾಡಿದ ದಪ್ಪ ಹಾಸು ಅದು. ಅಂಚಿನಲ್ಲಿ ಟಗರಿನ ಕೊಂಬಿನ ಚಿತ್ತಾರ, ಮೇಲೆ ಮೂರು ತಲೆಮಾರಿನ ಎಣ್ಣೆಜಿಡ್ಡು. ತೌರಿನಿಂದ ತಂದಿದ್ದ ಗುಲಾಬಿ ವಾಸನೆಯ ಸೋಪಿನ ಪುಡಿ ಅಷ್ಟನ್ನೂ ಸುರಿದು, ತುಳಿದು, ಬಾವಿಯ ನೀರು ಬಕೆಟ್‌ಗಟ್ಟಲೆ ಹೊಯ್ದು ಒಣಗಿಸಿದಳು. ಕೆಚೆ ಹೊಸ ಮದುಮಗಳ ಹಾಗೆ ಘಮಘಮ ಅಂತಿತ್ತು.

ಅವಳಿಗೆ ಗೊತ್ತಿಲ್ಲದ್ದು ಇಷ್ಟು: ಆ ಕೆಚೆಯನ್ನು ಯಾರೂ ತೊಳೆಯುವುದಿಲ್ಲ. ಮರಳಿನಲ್ಲಿ ಗರಗುರ್ತ್ ಎಂಬ ಕರಿ ಜೇಡವಿದೆ. ಕಡಲೆಕಾಳಿನಷ್ಟು ಮೈ, ಅದರ ಮೇಲೆ ಕೆಂಪು ಚುಕ್ಕೆ. ಅದು ಕಚ್ಚಿದರೆ ಒಂಟೆಯೂ ಕುಸಿದು ಬೀಳುತ್ತದೆ, ಆದರೆ ಕುರಿ ಅದನ್ನು ಹುಲ್ಲಿನ ಜೊತೆ ಜಗಿದು ನುಂಗಿ, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತದೆ. ಹಾಗಾಗಿ ಕುರಿಯ ವಾಸನೆ ಬಂದಲ್ಲಿಗೆ ಗರಗುರ್ತ್ ಕಾಲಿಡುವುದಿಲ್ಲ ಅಂತ ಕುರುಬರೆಲ್ಲ ಕಮಟು ಕೆಚೆಯ ಮೇಲೆ ನಿಶ್ಚಿಂತೆಯಿಂದ ಮಲಗುತ್ತಾರೆ. ಗರಗುರ್ತಿನ ಹೆಸರು ಕೇಳಿಯೇ ಹೆದರಿದ್ದ ಸೊಸೆಗೆ ಈ ಕುರಿವಾಸನೆಯ ಗುಟ್ಟನ್ನು ಮಾತ್ರ ಯಾರೂ ಹೇಳಿರಲಿಲ್ಲ, ಇಷ್ಟೂ ಗೊತ್ತಿಲ್ಲದವರು ಇರುತ್ತಾರೆ ಅಂತ ಯಾರಿಗೂ ಹೊಳೆದೇ ಇರಲಿಲ್ಲ.

ಮಾರನೆಯ ದಿನ ಅತ್ತೆ ಮರಳಿ ಬಂದು ನೀರು ಸೇದಲು ಬಾವಿಗೆ ಹೋಗಿದ್ದಳು. ತುವಾಕ್ ಆಗಾ ರಬ್ಬರ್ ಮೆಟ್ಟು ಕಳಚಿಟ್ಟು, ಬರಿಗಾಲು ಚಾಚಿ, ಕೆಚೆಯ ಮೇಲೆ ಮೊಣಕೈಯೂರಿ ಒರಗಿಕೊಂಡ. ಮೂಗು ಅರಳಿಸಿದ.

"ಏನಿದು, ತೇಜೆನ್ ಬಜಾರೇ ಇಲ್ಲಿ ಬಂದು ಬಿದ್ದಿದೆ!"

ಜೇನ್ನೊಣಗಳಿಗೂ ಹಾಗೇ ಅನ್ನಿಸಿತ್ತು. ಎರಡು ನೊಣ ಕೆಚೆಯ ಚಿತ್ತಾರದಲ್ಲಿ ಹೂ ಹುಡುಕುತ್ತಿದ್ದವು. ಎಲ್ಲಿಂದಲೋ ಹಸಿರು ಜೀರುಂಡೆಯೊಂದು ಬಂದು ಮುದುಕನ ತುಪ್ಪಳದ ಟೊಪ್ಪಿಗೆಯ ಮೇಲೆ ಕೂತಿತು. ರೊಟ್ಟಿ ಹಿಡಿದು ಬಂದ ಬೊಸ್ಸಾನಳಿಗೆ ಬಟ್ಟೆಯ ಹಿಂದೆ ನಗು ಉಕ್ಕಿಬಂತು.

ನಗು ಅಲ್ಲೇ ಸತ್ತಿತು. ಕೆಚೆಯ ಅಂಚು ದಾಟಿ, ಟಗರಿನ ಕೊಂಬಿನ ಚಿತ್ತಾರ ಹತ್ತಿ, ಒಂದು ಕರಿಮಣಿ ನಡೆದು ಬರುತ್ತಿತ್ತು. ಬೆನ್ನ ಮೇಲೆ ಕೆಂಪು ಚುಕ್ಕೆ. ಯಾವ ಅವಸರವೂ ಇಲ್ಲದೆ, ಸೀದಾ ಮಾವನ ಹಿಮ್ಮಡಿಯ ಕಡೆಗೆ.

ಅವಳು ಕೈ ತೋರಿಸಿದಳು.

"ಏನಮ್ಮಾ? ಚಹಾನಾ? ಇದೆ ಇದೆ."

ಕಾಲಿನ ಕಡೆ ಬೆರಳು ಮಾಡಿದಳು.

"ಕಾಲು ಒತ್ತಬೇಕಾ? ಬೇಡ ಬಿಡು, ಇನ್ನೂ ಅಷ್ಟು ವಯಸ್ಸಾಗಿಲ್ಲ." ಅವನು ಬೆರಳುಗಳನ್ನು ಆಡಿಸಿ ತೋರಿಸಿದ. ಜೇಡ ನಿಂತಿತು. ಮತ್ತೆ ಹೊರಟಿತು.

ಬೊಸ್ಸಾನ್ ನೆಲಕ್ಕೆ ಕಾಲು ಅಪ್ಪಳಿಸಿದಳು, ತಲೆ ಅಲ್ಲಾಡಿಸಿದಳು, ಎರಡೂ ಕೈ ಬೀಸಿದಳು. ಮುದುಕನ ಮುಖ ಅರಳಿಹೋಯಿತು.

"ಆಹಾ! ಬಂತು ಬಂತು, ನಾಲಿಗೆ ತುದಿಗೆ ಬಂತು! ಉಗುಳಿಬಿಡು ತಾಯಿ, ಹೊಟ್ಟೆಯಲ್ಲಿ ಇಟ್ಕೊಂಡ್ರೆ ಅಜೀರ್ಣ. ತಲೆವಸ್ತ್ರ ಕೆಂಪು ತರ್ಲಾ, ಹಸಿರು ತರ್ಲಾ?"

ಜೇಡ ಅಂತ ಹೇಗೆ ಹೇಳುವುದು? ಅವಳು ಎಂಟು ಬೆರಳು ಎತ್ತಿ ಹಿಡಿದು ಗಾಳಿಯಲ್ಲಿ ಹರಿದಾಡಿಸಿದಳು.

"ಆರು!" ಅಂತ ಕೂಗಿದ ಮಾವ, ತೊಡೆ ತಟ್ಟಿಕೊಂಡು. "ಎಂಟಲ್ಲ ಕಣಮ್ಮಾ, ಆರು! ಅಲ್ಲ ಅನ್ನು ನೋಡೋಣ!"

ನಗುತ್ತ ಅವನು ಕಾಲು ಮಡಚಲು ಹೊರಟ. ಮಡಚಿದರೆ ಹಿಮ್ಮಡಿ ನೇರ ಜೇಡದ ಮೇಲೆ. ಗುಡಾರದ ಹಿಂದೆ ಪಗ್ತಾ ಹಸಿವಿಗೆ ಕೂಗಿತು, ಆ ದನಿ ಬೊಸ್ಸಾನಳ ಎದೆಯೊಳಗೆ ಹೊಕ್ಕು ಒಂದು ಸಲ ತಿರುಚಿತು. ಆದರೆ ಬಟ್ಟೆಯ ತುದಿ ಆಗಲೇ ಹಲ್ಲಿನಿಂದ ಜಾರಿತ್ತು.

"ಮಾವಾ, ಕಾಲು ಅಲ್ಲಾಡಿಸಬೇಡಿ! ಗರಗುರ್ತ್! ಹಿಮ್ಮಡಿ ಹತ್ರಾನೇ ಇದೆ! ಹಂದಬೇಡಿ, ಉಸಿರು ಬಿಡಬೇಡಿ, ಬಿಟ್ಟರೂ ಮೆಲ್ಲಗೆ ಬಿಡಿ!"

ತುವಾಕ್ ಆಗಾ ಕಲ್ಲಾದ. ಬೊಸ್ಸಾನ್ ಅವನದೇ ರಬ್ಬರ್ ಮೆಟ್ಟು ಕೈಗೆತ್ತಿಕೊಂಡು, ಹುಟ್ಟಿದಾಗಿನಿಂದ ಹುಳಕ್ಕೆ ಹೆದರಿದ ಅಷ್ಟೂ ಹೆದರಿಕೆಯನ್ನು ಒಂದೇ ಏಟಿಗೆ ಹಾಕಿ ಪಟ್ ಅಂತ ಬಿಟ್ಟಳು. ಜೇನ್ನೊಣಗಳು ಹಾರಿಹೋದವು. ಜೇಡ ಹಾರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಟ್ಟೆ ಒಡೆದ ನೀರು ಯಾರ ಮಾತು ಕೇಳುತ್ತದೆ?

"ಕೆಚೆ ತೊಳೆದಿದ್ದು ನಾನೇ ಮಾವಾ, ಸೋಪು ಹಾಕಿದೆ, ಚೆನ್ನಾಗಿರ್ಲಿ ಅಂತ ಹಾಕಿದೆ. ಹಿಟ್ಟಿನಲ್ಲಿ ಹುಳ ಬಿಟ್ಟಿದ್ದು ನೀವೇ ಅಂತಾನೂ ಗೊತ್ತು. ಸಾರು ಉಪ್ಪಾಗಿದ್ರೆ ಅದು ಬಾವಿ ಉಪ್ಪು, ನನ್ನ ಉಪ್ಪಲ್ಲ. ತೋಳದ ಕತೆ ನೀವು ಮೂರು ಸಲ ಹೇಳಿದ್ರಿ, ಮೂರು ಸಲಾನೂ ತೋಳ ಬೇರೆಬೇರೆ ಕಡೆಯಿಂದ ಬಂತು..."

ಆಗ ಅವಳಿಗೆ ತನ್ನ ದನಿ ತನಗೇ ಕೇಳಿಸಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಒಂದು ಕೈಯಲ್ಲಿ ಮೆಟ್ಟು ಇನ್ನೂ ಇತ್ತು. ಕಣ್ಣೀರು ಬಳಬಳ ಇಳಿಯಿತು.

ಬಾವಿಯ ಕಡೆಯಿಂದ ಓರಾಜ್‌ಬೀಬಿ ಬಕೆಟ್ ಚೆಲ್ಲುತ್ತ ಓಡಿಬಂದಳು. "ಯಾರದು ಮಾತಾಡಿದ್ದು? ಹೆಂಗಸಿನ ದನಿ ಕೇಳಿಸ್ತು!"

ತುವಾಕ್ ಆಗಾ ತನ್ನ ಹಿಮ್ಮಡಿಯನ್ನು ನೋಡಿದ. ಕೆಚೆಗೆ ಅಂಟಿದ್ದ ಕರಿ ಚೂರನ್ನು ನೋಡಿದ. ಮೆಟ್ಟು ಹಿಡಿದು ಅಳುತ್ತಿದ್ದ ಸೊಸೆಯನ್ನು ನೋಡಿದ.

"ಕೆಟಲು," ಅಂದ.

"ಏನಂದ್ರಿ?"

"ಕೆಟಲು ಕಣೇ. ಕುದಿಯೋವಾಗ ಮುಚ್ಚಳ ಸದ್ದು ಮಾಡ್ತು."

"ಕೆಟಲು 'ಮಾವಾ ಕಾಲು ಅಲ್ಲಾಡಿಸಬೇಡಿ' ಅಂತಾ?"

"ಒಳ್ಳೇ ಮನೆಯಿಂದ ಬಂದ ಕೆಟಲು."

"ಸೋಪಿನ ವಿಷಯಾನೂ ಕೆಟಲೇ ಹೇಳ್ತಾ?"

"ಸ್ವಲ್ಪ ಜಾಸ್ತಿ ಕುದೀತು," ಅಂದ ತುವಾಕ್ ಆಗಾ. "ಅದಿರ್ಲಿ, ಕುರಿಗಳು ಬಂದ ಮೇಲೆ ಈ ಕೆಚೆ ಮೇಲೆ ಎರಡು ಸುತ್ತು ಓಡಿಸೋಕೆ ಹೆಮ್ರಾನಿಗೆ ಹೇಳು. ಮೂಗು ಕಟ್ಟುವಷ್ಟು ವಾಸನೆ ಬರಬೇಕು."

ಅತ್ತೆ ಗಂಡನ ಮುಖ, ಸೊಸೆಯ ಮುಖ, ಕೊನೆಗೆ ಒಲೆಯ ಮೇಲಲ್ಲ, ಕೆಚೆಯ ಮೇಲೆ ತಣ್ಣಗೆ ಕೂತಿದ್ದ ಕೆಟಲಿನ ಮುಖ ನೋಡಿದಳು. ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು ಗುಡಾರದ ಒಳಗೆ ಹೋದಳು. ಒಳಗಿನಿಂದ ಬಹಳ ಹೊತ್ತು ನಗು ಕೇಳಿಸುತ್ತಿತ್ತು.

ಹಬ್ಬದ ದಿನ ಉಣ್ಣೆ ಕತ್ತರಿಸಿ ಮುಗಿಯಿತು. ಬೂದಿಯಲ್ಲಿ ಹೂತು ಸುಟ್ಟ ರೊಟ್ಟಿ, ಮಾಂಸ, ಒಂಟೆಹಾಲಿನ ಹುಳಿ ಪಾನಕ ಎಲ್ಲ ಮುಗಿಯಿತು. ತುವಾಕ್ ಆಗಾ ಎಲ್ಲರ ಮುಂದೆ ಎದ್ದು ನಿಂತು ಪಗ್ತಾಳ ಹಗ್ಗವನ್ನು ಬೊಸ್ಸಾನಳ ಕೈಗೆ ಕೊಟ್ಟ.

"ಒಂದು ಮಾತೂ ಆಡದೆ ಗೆದ್ದಳು ನನ್ನ ಸೊಸೆ," ಅಂದ ಗಟ್ಟಿಯಾಗಿ. "ಮಾತಾಡಮ್ಮಾ ಇನ್ನು."

ಎಲ್ಲರೂ ಕಾದರು. ಬೊಸ್ಸಾನ್ ತೂತುಬಿದ್ದ ತಲೆವಸ್ತ್ರವನ್ನು ಬಾಯಿಂದ ತೆಗೆದು, ಪಗ್ತಾಳ ಕತ್ತಿನ ಮೇಲೆ ಕೈಯಿಟ್ಟು, ಮೊದಲ ಮಾತು ಆಡಿದಳು.

"ಮಾವಾ, ಜೇಡಕ್ಕೆ ಎಂಟು ಕಾಲು."

ತುವಾಕ್ ಆಗಾ ಇದಕ್ಕೇ ಕಾದಿದ್ದವನಂತೆ ಜೇಬಿಗೆ ಕೈಹಾಕಿ ಬೆಂಕಿಪೊಟ್ಟಣ ತೆಗೆದ. ಅದರೊಳಗೆ ಚಪ್ಪಟೆಯಾದ ಗರಗುರ್ತ್ ಇತ್ತು. "ಎಣಿಸು!"

ಎಣಿಸಿದಳು. ಆರು!

"ಇನ್ನೆರಡು ನಿಮ್ಮ ಮೆಟ್ಟಿಗೆ ಅಂಟಿವೆ ಮಾವಾ!"

"ಮೆಟ್ಟಿನ ಕಾಲು ಮೆಟ್ಟಿಗೆ, ಜೇಡದ ಕಾಲು ಜೇಡಕ್ಕೆ. ಆರು!"

ಆ ಜಗಳ ಮುದುಕ ಬದುಕಿರುವ ತನಕ ನಡೆಯಿತು. ಸಂಜೆ ಚಹಾದ ಜೊತೆ ಅದು ಇಲ್ಲದಿದ್ದರೆ ಇಬ್ಬರಿಗೂ ನಿದ್ದೆ ಬರುತ್ತಿರಲಿಲ್ಲ.

ಈಗ ಅಜಿಗುಯಿಯ ಸುತ್ತ ಮೇಯುವ ಬಿಳಿ ಒಂಟೆಗಳೆಲ್ಲ ಪಗ್ತಾಳ ಮಕ್ಕಳು, ಮೊಮ್ಮಕ್ಕಳು. ಬೊಸ್ಸಾನ್ ತನ್ನ ಸೊಸೆಯ ಬಾಯಿಯನ್ನು ಚಹಾ ಆರುವುದರೊಳಗೆ ಬಿಡಿಸಿದಳು, ಮನೆಯಲ್ಲಿ ಮಾತಿಗೆ ಜೊತೆ ಬೇಕಿತ್ತಲ್ಲ! ಕೆಚೆ ಮಾತ್ರ ಹಾಗೇ ಇದೆ, ದೂರದಿಂದಲೇ ಟಗರಿನ ವಾಸನೆ. ಶಾಲೆಯ ರಜೆಗೆ ಬರುವ ಮೊಮ್ಮಕ್ಕಳು ಅದರ ಮೇಲೆ ಮೂಗು ಹಿಡಿದುಕೊಂಡು ಕೂರುತ್ತಾರೆ. ಕತ್ತಲಾಗುವ ಹೊತ್ತಿಗೆ ಹಳದಿ ಫಾಲಂಗಾ ಒಂದು ಓಡಿಬಂದು ಬೆಳಕಿನಲ್ಲಿ ಸುತ್ತು ಹಾಕಿದರೆ, "ಅಜ್ಜೀ, ಜೇಡಕ್ಕೆ ಎಷ್ಟು ಕಾಲು ಹೇಳು ನೋಡೋಣ!" ಅಂತ ಯಾವುದಾದರೊಂದು ಮಗು ಪರೀಕ್ಷೆ ಮಾಡುತ್ತದೆ.

"ಆರು," ಅನ್ನುತ್ತಾಳೆ ಬೊಸ್ಸಾನ್, ಚಹಾ ಸುರಿದುಕೊಳ್ಳುತ್ತ.

"ಅಯ್ಯೋ ಅಜ್ಜೀ, ಎಂಟು!"

"ನಿಮ್ಮ ಸ್ಕೂಲಲ್ಲಿ ಎಂಟಿರಬಹುದು. ನಮ್ಮ ಮಾವ ಎಣಿಸಿ ಇಟ್ಟಿದ್ದಾರೆ. ಅಲ್ಲ ಅನ್ನೋರು ಇದ್ರೆ ಹೇಳ್ಲಿ," ಅಂದು, ಮಗು ಬಾಯಿ ತೆರೆಯುವುದನ್ನೇ ಕಾಯುತ್ತಾಳೆ.