ಹಾವಿಗೆ ಕೊಟ್ಟ ಮಾತು

ಹಾವು ಹಿಡಿಯುವಾಗ, “ಹೊರಗೆ ಬಾ, ನಿನ್ನನ್ನು ಮರಳುಗಾಡಿಗೆ ಬಿಡುತ್ತೇನೆ” ಎಂದು ಅದಕ್ಕೆ ಆಣೆ ಮಾಡಿ ಹೇಳುವುದು ಲಕ್ಸರ್ ಊರಿನ ಹಾವಾಡಿಗ ಶಾಜಲಿಯ ಮನೆತನದ ಪದ್ಧತಿ. ಆದರೆ ಯಾರದೋ ಅಡುಗೆಮನೆಯಲ್ಲಿ ಹಾಗೆಯೇ ಆಣೆ ಮಾಡಿ ಹಿಡಿದ ಚೆಲುವಾದ ಹಾವೊಂದನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ, ಬುಟ್ಟಿಯಲ್ಲಿ ಸಾಕಿಕೊಂಡ. ಅದು ಇಲಿಯನ್ನೂ ಮುಟ್ಟಲಿಲ್ಲ, ಕಪ್ಪೆಯನ್ನೂ ಮುಟ್ಟಲಿಲ್ಲ. ದಿನದಿನಕ್ಕೆ ಸೊರಗಿತು.

“ತಿನ್ನೇ ನನ್ನವ್ವಾ, ಒಂದೇ ಒಂದು!” ಎಂದು ಅವನು ಗೋಗರೆಯುತ್ತಿದ್ದಾಗ, ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಬಹೀಯಾ ನಕ್ಕಳು.

“ನನಗೆ ಒಂದಿನ ಹಿಂಗೆ ಬಡಿಸಿದ್ದುಂಟಾ? ಅಲ್ಲಾರೀ, ಆಣೆ ತಪ್ಪಿದೋರ ಮನೇಲಿ ಯಾರು ತಾನೇ ಉಣ್ತಾರೆ?”

ಶಾಜಲಿಯ ತಲೆ ತಗ್ಗಿತು. ಬೀದಿಯವರಿಗೆ ಕಾಣದಂತೆ ಬುಟ್ಟಿಗೆ ಶಾಲು ಹೊದಿಸಿ ಮರಳುಗಾಡಿಗೆ ಒಯ್ದ. ಹಾವನ್ನು ಬಿಡುವಾಗಲೆಲ್ಲ “ಮಾತು ಉಳಿಸಿಕೊಂಡೆ” ಎನ್ನುವುದು ಅವನ ವಾಡಿಕೆ. ಅಂದು ಆ ಮಾತು ಬಾಯಿಂದ ಹೊರಡಲಿಲ್ಲ.