ಬ್ರಿಟನ್ನಿಗೆ ನಾನು ಕೊಟ್ಟ ಅಂಕಗಳು

ನನಗೊಂದು ಕೆಟ್ಟ ಚಾಳಿಯಿದೆ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಾನು ಬ್ರಿಟನ್ನಿನ ಪ್ರಧಾನಮಂತ್ರಿಗಳಿಗೆ ಅಂಕ ಕೊಡುತ್ತೇನೆ. ಮಾತುಗಾರಿಕೆಗೆ ಇಷ್ಟು, ಧೈರ್ಯಕ್ಕೆ ಇಷ್ಟು, ದೇಶದ ಅರ್ಥವ್ಯವಸ್ಥೆ ನಿಭಾಯಿಸಿದ್ದಕ್ಕೆ ಇಷ್ಟು ಎಂದು ನೂರಕ್ಕೆ ಲೆಕ್ಕ ಹಾಕಿ ಕೊಡುತ್ತೇನೆ. ಕೆಲವರು ಹಳೆಯ ಸ್ಟಾಂಪು ಕೂಡಿಡುತ್ತಾರೆ, ಕೆಲವರು ಕುಂಡದಲ್ಲಿ ಕರಿಬೇವು ಬೆಳೆಸಿ ಚಳಿಗಾಲದಲ್ಲಿ ಅದಕ್ಕೆ ಶಾಲು ಹೊದಿಸುತ್ತಾರೆ. ನಾನು ವರ್ಜೀನಿಯಾದ ಸ್ಟರ್ಲಿಂಗಿನಲ್ಲಿ ಕೂತು ಲಂಡನ್ನಿನವರನ್ನು ಫೇಲು ಮಾಡುತ್ತೇನೆ.

ಇದಕ್ಕೆ ನನಗಿರುವ ಅರ್ಹತೆ ಏನು ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ. ಅಮೆರಿಕಕ್ಕೆ ಬರುವ ಮೊದಲು ಕಂಪನಿಯ ಕೆಲಸದ ಮೇಲೆ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿ ಒಂದೂವರೆ ವರ್ಷ ಇದ್ದೆ. ಆಗ ನಾನು ಕಂಡ ಬ್ರಿಟನ್ ಎಂದರೆ ಬಾಡಿಗೆ ಮನೆಯ ಬಾಯ್ಲರು, ಬೆಳಗಿನ ರೈಲು ಮತ್ತು ಸಂಜೆ ಐದಕ್ಕೇ ಬಾಗಿಲು ಹಾಕುತ್ತಿದ್ದ ಅಂಗಡಿಗಳು. ಅಷ್ಟು ಸಾಕಾಯಿತು. ನಮ್ಮ ಸ್ಟರ್ಲಿಂಗಿನ ಕನ್ನಡದವರು ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕುಗಳಲ್ಲಿ ಇಂಗ್ಲೆಂಡಿನ ಮಾತು ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಅವರ ದುಡ್ಡು ಪೌಂಡ್ ಸ್ಟರ್ಲಿಂಗ್, ನಮ್ಮೂರೂ ಸ್ಟರ್ಲಿಂಗ್, ನಿನಗೆ ಹಕ್ಕಿದೆ ಬಿಡು ಎಂದು ಗೆಳೆಯನೊಬ್ಬ ನಗೆಯಾಡುತ್ತಿದ್ದ. ನಾನು ಅದನ್ನೂ ಪ್ರಶಂಸೆಯೆಂದೇ ತೆಗೆದುಕೊಳ್ಳುತ್ತಿದ್ದೆ.

2022 ನನ್ನ ಪಾಲಿಗೆ ಸುಗ್ಗಿಯ ವರ್ಷ. ಒಂದೇ ವರ್ಷದಲ್ಲಿ ಅಲ್ಲಿ ಮೂವರು ಪ್ರಧಾನಿಗಳು! ಅವರಲ್ಲೊಬ್ಬರು ಬಂದವರೇ ತೆರಿಗೆ ಇಳಿಸುತ್ತೇವೆ ಎಂದು ಘೋಷಿಸಿದರು. ಇಳಿಸಿದ್ದನ್ನು ಎಲ್ಲಿಂದ ತುಂಬುತ್ತೀರಿ ಎಂದು ಪೇಟೆ ಕೇಳಿತು, ಪೌಂಡು ನೆಲ ಕಚ್ಚಿತು, ಎರಡು ತಿಂಗಳು ತುಂಬುವುದರೊಳಗೆ ಅವರು ಮನೆಗೆ ಹೋದರು. ಹಣಕಾಸು ಮಂತ್ರಿಗಳಂತೂ ಬರುವುದು ಹೋಗುವುದು ಒಂದೇ ಆಗಿತ್ತು. ನಮ್ಮ ಫ್ರಿಜ್ಜಿನಲ್ಲಿದ್ದ ಒಂದೇ ಮಾವಿನಮಿಡಿ ಉಪ್ಪಿನಕಾಯಿ ಬಾಟಲಿ ಅಷ್ಟೂ ಜನರ ಆಳ್ವಿಕೆಯನ್ನು ಕಂಡಿದೆ ಎಂದು ನಾನು ಹೇಳಿದಾಗ ಪಾಟ್‌ಲಕ್ಕಿಗೆ ಸೇರಿದ್ದ ಇಡೀ ಬೇಸ್‌ಮೆಂಟು ಬಿದ್ದು ಬಿದ್ದು ನಕ್ಕಿತು. ಅರ್ಥವ್ಯವಸ್ಥೆಗೆ ನೂರಕ್ಕೆ ಹನ್ನೊಂದು ಕೊಟ್ಟೆ. ಹನ್ನೊಂದು ಏಕೆ, ಹತ್ತೇಕಲ್ಲ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ಬ್ರಿಟನ್ನಿನವರನ್ನು ತೂಗುವುದರಲ್ಲಿ ಒಂದು ವಿಶೇಷ ರುಚಿಯಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಪರೀಕ್ಷೆ ಮಾಡುವವರು ಅವರು, ಬರೆಯುವವರು ನಾವು. ಅವರ ಹಣಕಾಸು ಮಂತ್ರಿ ಬಜೆಟ್ಟಿನ ದಿನ ಕೆಂಪು ಪೆಟ್ಟಿಗೆಯೊಂದನ್ನು ಎತ್ತಿ ಹಿಡಿದು ಫೋಟೋಗೆ ನಿಲ್ಲುತ್ತಾರೆ. ಪೆಟ್ಟಿಗೆ ಹಿಡಿಯುವ ಆ ಶಾಸ್ತ್ರವನ್ನು ನಾವೂ ಅವರಿಂದಲೇ ಕಲಿತು ಬಹಳ ವರ್ಷ ನಡೆಸಿಕೊಂಡು ಬಂದೆವು. ಈಗ ಅದೇ ಪೆಟ್ಟಿಗೆಯೊಳಗೆ ಏನೂ ಇಲ್ಲ ಎಂದು ತೀರ್ಪು ಕೊಡುವಾಗ ಅಜ್ಜನ ಪರವಾಗಿ ಏನೋ ಸಾಧಿಸಿದಂತೆ ಅನಿಸುತ್ತದೆ. ಅದೂ ಅಲ್ಲದೆ, ಅವರು ತಪ್ಪು ಮಾಡಿದರೆ ನಷ್ಟ ನಮ್ಮದಲ್ಲ. ಆದರೆ ನಮ್ಮ ಬೀದಿಯ ಹಿಂದೆಯೇ ಹಗಲೂ ರಾತ್ರಿ ಗುಂಯ್‌ಗುಡುವ ಡೇಟಾ ಸೆಂಟರಿಗೆ ಅನುಮತಿ ಕೊಟ್ಟವರು ಯಾರು ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಪೆಟ್ಟಿಗೆ ಎಂದಾಗ ಶಾರದಾ ಆಂಟಿಯ ಹಸಿರು ಪೆಟ್ಟಿಗೆಯ ವಿಷಯಕ್ಕೆ ಬರಲೇಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದೂ ಅದನ್ನು ಹೇಳಲು ಧೈರ್ಯ ಸಾಲದೆ.

ಶಾರದಾ ಆಂಟಿ ನಮ್ಮ ಪಕ್ಕದ ಟೌನ್‌ಹೌಸಿನ ಡಾಕ್ಟರ ತಾಯಿ. ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. 2024ರ ವಸಂತದಲ್ಲಿ ಆರು ತಿಂಗಳಿಗೆಂದು ಬಂದಿದ್ದರು. ಮಂಡಿನೋವಿದ್ದರೂ ದಿನಾ ಬೆಳಿಗ್ಗೆ ಸೀರೆಯ ಮೇಲೆ ಮಗನ ಜಾಕೆಟ್ಟು ತೊಟ್ಟು ನಮ್ಮ ಬಡಾವಣೆಯ ಕೊಳಕ್ಕೆ ಒಂದು ಸುತ್ತು ಹಾಕುತ್ತಿದ್ದರು. ಅರ್ಧ ದಾರಿಯಲ್ಲಿ ಹುಲ್ಲಿನ ಮೇಲೆ ಮಂಡಿಯೆತ್ತರದ ಹಸಿರು ಕಬ್ಬಿಣದ ಪೆಟ್ಟಿಗೆಯೊಂದಿದೆ, ಕರೆಂಟಿನ ಕಂಪನಿಯದು. ಅದರ ಮೇಲೆ ಎರಡು ನಿಮಿಷ ಕೂತು ಮಂಡಿ ನೀವಿಕೊಂಡರೆ ಉಳಿದರ್ಧ ನಡೆಯಲು ಅವರಿಗೆ ಶಕ್ತಿ ಬರುತ್ತಿತ್ತು.

ನಮ್ಮ ಮನೆ ಮಾಲೀಕರ ಸಂಘಕ್ಕೆ, ಎಲ್ಲರೂ ಎಚ್‌ಓಎ ಎನ್ನುವ ಆ ಸಂಸ್ಥೆಗೆ, ಇದು ಸರಿಬರಲಿಲ್ಲ. ಪೆಟ್ಟಿಗೆಯ ಮೇಲೆ ಕೂರುವುದು ಅಪಾಯ ಮತ್ತು ನಿಯಮಕ್ಕೆ ವಿರುದ್ಧ ಎಂದು ಫೋಟೋ ಸಮೇತ ಮಗನಿಗೆ ಪತ್ರ ಬಂತು. ಬೇರೆಯವರಾಗಿದ್ದರೆ ಅತ್ತು ರಂಪ ಮಾಡುತ್ತಿದ್ದರು. ಆಂಟಿ ಪತ್ರವನ್ನು ಎರಡು ಸಲ ಓದಿ, “ಖರೇನ ಐತ್ರಿ, ಅದು ಕರೆಂಟಿನ ಡಬ್ಬಿ, ಕೂಡಬಾರದು. ಹಂಗಾರ ಕೂಡಾಕ ಒಂದು ಬೆಂಚ್ ಹಾಕ್ರಿ ಅಂತ ಕೇಳೂಣು” ಎಂದರು. ಬೆಂಚು ಹಾಕಲು ವಿಶೇಷ ಸಭೆ ಕರೆಯಬೇಕು, ಮನೆಗೊಂದು ಮತ, ಇಂತಿಷ್ಟು ಮನೆಗಳು ಬಂದಿರಬೇಕು, ಬರಲಾಗದವರು ಪ್ರಾಕ್ಸಿ ಫಾರ್ಮಿಗೆ ಸಹಿ ಹಾಕಿ ಕಳಿಸಬಹುದು ಎಂಬುದನ್ನೆಲ್ಲ ಅವರೇ ನಿಯಮದ ಪುಸ್ತಕ ಓದಿ ತಿಳಿದುಕೊಂಡರು. ಮಗನಿಂದ ಅರ್ಜಿ ಹಾಕಿಸಿ, ತಾವೇ ಮನೆಮನೆಗೆ ಹೊರಟರು.

ಜೂನ್ ಕೊನೆಯ ಒಂದು ಮಧ್ಯಾಹ್ನ ನಮ್ಮ ಗರಾಜಿಗೂ ಬಂದರು. ಅಲ್ಲಿ ಪಾಟ್‌ಲಕ್ ನಡೆದಿತ್ತು. ನನ್ನ ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಬಾಯಲ್ಲಿ ಬ್ರಿಟನ್. ಮುಂದಿನ ವಾರವೇ ಅಲ್ಲಿ ಚುನಾವಣೆ. ಆಂಟಿ ನಿಂತುಕೊಂಡೇ ನನ್ನ ಉಪನ್ಯಾಸವನ್ನು ಪೂರ್ತಿ ಕೇಳಿದರು. “ಎಷ್ಟ್ ತಿಳಕೊಂಡೀರಿ ರಘು ಅವರ! ನಮ್ಮ ಸಾಲ್ಯಾಗ ನಿಮ್ಮಂಥ ಮಾಸ್ತರು ಇರಬೇಕಿತ್ತು” ಎಂದರು. ನಾನು ಉಬ್ಬಿಹೋದೆ. ಆಮೇಲೆ ಫಾರ್ಮು ಕೊಟ್ಟು, “ಇದೊಂದು ಸಹಿ ಆಗಬೇಕಿತ್ತಲ್ರಿ, ಹತ್ತನೇ ತಾರೀಕಿನೊಳಗ” ಎಂದರು.

“ಖಂಡಿತಾ ಆಂಟಿ, ನಾನೇ ಬಂದು ಕೊಡ್ತೀನಿ,” ಎಂದೆ. ತಟ್ಟೆ ಕೆಳಗಿಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ಮನೆ ಕೊಂಡಾಗ ವೀಸಾದ ತಾಪತ್ರಯದಿಂದ ಅದು ನನ್ನೊಬ್ಬನ ಹೆಸರಿನಲ್ಲಿದೆ. ನನ್ನ ಹೆಂಡತಿ ಸುಮಾ ಸಹಿ ಹಾಕಿದರೆ ನಡೆಯುವುದಿಲ್ಲ. ಇನ್ನೊಂದು ಮಾತು ನನಗೆ ಆಗ ಹೊಳೆಯಲೇ ಇಲ್ಲ. ಬೆಂಗಳೂರಿನ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೇ ಕಾಯುತ್ತಿರುವವನಿಗೆ ಓಟಿನ ಮಾತೆಲ್ಲಿ? ಭೂಮಿಯ ಮೇಲೆ ನನಗಿದ್ದ ಒಂದೇ ಒಂದು ಮತ ಆ ಫಾರ್ಮಿನಲ್ಲಿತ್ತು.

ಬ್ರಿಟನ್ನಿನ ಚುನಾವಣೆ ಬಂದದ್ದು ಜುಲೈ ನಾಲ್ಕಕ್ಕೆ. ಅದು ಅಮೆರಿಕದವರು ಬ್ರಿಟಿಷರಿಂದ ಬಿಡಿಸಿಕೊಂಡ ಸಂಭ್ರಮದ ದಿನ. ಬೀದಿಯವರೆಲ್ಲ ಹೊರಗೆ ಗ್ರಿಲ್ಲು ಹೊತ್ತಿಸಿ ಬಾವುಟ ನೆಟ್ಟಿದ್ದರೆ ನಾನೊಬ್ಬ ಒಳಗೆ ಕಿಟಕಿ ಮುಚ್ಚಿ ಬ್ರಿಟಿಷರ ಜೊತೆಗಿದ್ದೆ. ನಮ್ಮ ಸಂಜೆ ಐದಕ್ಕೆ ಮತಗಟ್ಟೆ ಸಮೀಕ್ಷೆ ಬಂತು. ಆಳುತ್ತಿದ್ದವರು ಮಣ್ಣು ಮುಕ್ಕಿದ್ದರು. ಕೈಗೆ ಸಿಕ್ಕ ಹಾಳೆಯ ಮೇಲೆ ಸೀಟುಗಳನ್ನು ಗೀಚಿದೆ. ಹಾಗೆಯೇ ಹುರುಪು ಬಂದು, 2020ರಿಂದ ಆಳಿದ ಪ್ರಧಾನಿಗಳಿಗೆಲ್ಲ ಸಾಲಾಗಿ ಅಂತಿಮ ಅಂಕಪಟ್ಟಿ ಬರೆದೆ. ಒಬ್ಬರೂ ಪಾಸಾಗಲಿಲ್ಲ. ಹೊಸದಾಗಿ ಬರುವವರಿಗೂ, ಅವರಿನ್ನೂ ಬಾಗಿಲು ದಾಟುವ ಮೊದಲೇ, ಮೂವತ್ತೆರಡು ಕೊಟ್ಟೆ.

ಮುಂದಿನ ವಾರದ ಕೊನೆಗೆ ಸುಮಾ ಅಂಚೆಪೆಟ್ಟಿಗೆಯಿಂದ ಕಾಗದಗಳನ್ನು ತರುತ್ತಾ, “ಆಂಟಿ ಬೆಂಚ್ ಮೀಟಿಂಗ್ ಕ್ಯಾನ್ಸಲ್ ಆಯ್ತಂತೆ ರೀ. ಕೋರಮ್‌ಗೆ ಒಂದೇ ಒಂದು ವೋಟ್ ಶಾರ್ಟ್ ಅಂತೆ. ಪಾಪ. ನೀವು ಸೈನ್ ಮಾಡಿ ಕೊಟ್ರಿ ಅಲ್ವಾ?” ಎಂದಳು.

“ಕೊಟ್ಟೆ ಅನ್ಸತ್ತೆ,” ಎಂದೆ.

ಸುಳ್ಳು ಹೇಳಿದೆ, ಅದೂ ಸುಮಾಳ ಹತ್ತಿರ. ಅವಳು ಅಡುಗೆಮನೆಗೆ ಹೋದ ಮೇಲೆ ಹುಡುಕಿದೆ. ಲ್ಯಾಪ್‌ಟಾಪಿನ ಕೆಳಗೆ ಅಂಕಪಟ್ಟಿ ಸಿಕ್ಕಿತು. ತಿರುಗಿಸಿದೆ. ಮೇಲೆ ನಮ್ಮ ಮನೆ ನಂಬರು, ಅದರ ಪಕ್ಕದಲ್ಲಿ ಆಂಟಿಯ ದುಂಡನೆಯ ಅಕ್ಷರದಲ್ಲಿ ನನ್ನ ಹೆಸರು, ಕೆಳಗೆ ಸಹಿಗೆಂದು ಬಿಟ್ಟ ಖಾಲಿ ಗೆರೆ. ಎದುರಿಗೆ ಯಾರೂ ಇಲ್ಲದಿದ್ದರೂ ಅದನ್ನು ಮಡಿಸಿ ಜೇಬಿನಲ್ಲಿ ಬಚ್ಚಿಟ್ಟುಕೊಂಡೆ.

ನಂತರದ ಹತ್ತು ದಿನ ನಾನು ನಮ್ಮ ಬೀದಿಯಲ್ಲೇ ಕಳ್ಳನಂತೆ ಬದುಕಿದೆ. ಕಸದ ಡಬ್ಬಿ ಒಳತರುವ ಮೊದಲು ಪಕ್ಕದ ಬಾಗಿಲು ಮುಚ್ಚಿದೆಯೇ ಎಂದು ಇಣುಕುತ್ತಿದ್ದೆ. ಇಷ್ಟೆಲ್ಲ ಎಚ್ಚರಿಕೆ ಬೇಕಿರಲಿಲ್ಲ, ಏಕೆಂದರೆ ಆಂಟಿ ಹೊರಗೆ ಬರುವುದನ್ನೇ ನಿಲ್ಲಿಸಿದ್ದರು. ನಡುವೆ ಕೂರಲು ಜಾಗವಿಲ್ಲದ ಮೇಲೆ ಆ ಮಂಡಿಗೆ ಪೂರ್ತಿ ಸುತ್ತು ಆಗುತ್ತಿರಲಿಲ್ಲ. ಬೆಳಿಗ್ಗೆ ಅವರು ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಕಾರು ತೆಗೆಯುವಾಗ ನನ್ನನ್ನು ಕಂಡು ಕೈ ಬೀಸುತ್ತಿದ್ದರು. ಮುಂದಿನ ಸಭೆ ನವೆಂಬರಿಗೆ, ಅವರ ವಿಮಾನ ಸೆಪ್ಟೆಂಬರಿಗೆ.

ಹನ್ನೊಂದನೆಯ ದಿನ ಸುಮಾಳಿಗೆ ನಿಜ ಹೇಳಿದೆ. ಅವಳು ಪಕ್ಕದ ಮನೆಯ ಕಡೆ ನೋಡಿದಳು. ಹೋದೆ.

ಆಂಟಿ ಚಹಾ ಕೊಟ್ಟರು. ನಾನು ಫಾರ್ಮನ್ನು ಮುಂದಿಟ್ಟು, ಆ ಒಂದು ಮತ ನನ್ನದೇ ಎಂದೆ. ಅವರು ಕನ್ನಡಕ ಹಾಕಿಕೊಂಡು ಖಾಲಿ ಗೆರೆಯನ್ನು ನೋಡಿದರು. ಆಮೇಲೆ ಹಾಳೆ ತಿರುಗಿಸಿದರು. ಬೇಡ ಎನ್ನುವಷ್ಟರಲ್ಲಿ ಓದತೊಡಗಿದ್ದರು. ಉತ್ತರಪತ್ರಿಕೆ ನೋಡುವ ಗಾಂಭೀರ್ಯದಿಂದ ಪ್ರತಿ ಸಾಲಿಗೂ ಬೆರಳಿಟ್ಟು, ಕೂಡಿದ್ದು ಸರಿಯಿದೆಯೇ ಎಂದೂ ನೋಡಿದರು. ಒಂದು ಕಡೆ ತಪ್ಪಿತ್ತು.

“ಅಲ್ಲೆ ಒಂದೂವರಿ ವರ್ಷ ಇದ್ರಿ ಅಂದ್ರಲ್ಲ, ನಿಮಗ ಅಲ್ಲೆ ವೋಟ್ ಇತ್ತೇನ್ರಿ?” ಎಂದು ಕೇಳಿದರು.

ಇದು ನಾನು ಇಷ್ಟು ವರ್ಷ ಯಾವ ಪಾಟ್‌ಲಕ್ಕಿನಲ್ಲೂ ಬಾಯಿ ಬಿಡದ ಸಂಗತಿ. ಇತ್ತು. ಕಾಮನ್‌ವೆಲ್ತಿನ ಪ್ರಜೆಗಳು ಅಲ್ಲಿ ನೆಲೆಸಿದ್ದರೆ ಮತ ಹಾಕಬಹುದು, ಭಾರತದವರೂ ಸಹ. ಹೆಸರು ಬರೆಸಿ ಎಂದು ರೆಡಿಂಗಿನ ಮನೆಗೆ ಕಾಗದವೂ ಬಂದಿತ್ತು. ಪಿಜ್ಜಾ ಅಂಗಡಿಯ ಜಾಹೀರಾತುಗಳ ಜೊತೆಗೆ ಅದನ್ನೂ ಕಸಕ್ಕೆ ಹಾಕಿದ್ದೆ. ಯಾರ ಆಳ್ವಿಕೆಯನ್ನು ಇಷ್ಟು ವರ್ಷ ಜರೆದೆನೋ ಆ ದೇಶ ನನ್ನನ್ನು ಕರೆದು ಅಭಿಪ್ರಾಯ ಕೇಳಿತ್ತು. ಆಂಟಿಗೆ ಎಲ್ಲವನ್ನೂ ಹೇಳಿದೆ. ಹೇಳುತ್ತಾ ನನ್ನ ದನಿ ಸಣ್ಣ ಹುಡುಗನದಾಯಿತು.

ಆಂಟಿ ಪೆನ್ನು ತೆಗೆದುಕೊಂಡು, ನನ್ನ ಪಟ್ಟಿಯ ಕೊನೆಯಲ್ಲಿ, ಆ ಎಲ್ಲ ಪ್ರಧಾನಿಗಳ ಕೆಳಗೆ, ‘ರಘು’ ಎಂದು ಬರೆದರು. ಎದುರಿಗೆ ಅಂಕ ಬರೆಯಲು ಹೋಗಿ ತಡೆದರು.

“ಇವರೆಲ್ಲ ಪರೀಕ್ಷಾಕ್ಕ ಕುಂತು ಫೇಲ್ ಆಗ್ಯಾರ, ತಮ್ಮಾ. ನಿನಗ ಸೊನ್ನಿ ಕೊಡಾಕೂ ಬರಂಗಿಲ್ಲ. ನೀ ಬಂದೇ ಇಲ್ಲಲ್ಲ,” ಎಂದು ಗೈರುಹಾಜರಿಯ ಎರಡು ಅಡ್ಡಗೆರೆ ಎಳೆದರು. ಒಂದು ಅಲ್ಲಿಯದು, ಒಂದು ಇಲ್ಲಿಯದು. ಅದುವರೆಗೆ ‘ರೀ’ ಎನ್ನುತ್ತಿದ್ದವರು ‘ತಮ್ಮಾ’ ಎಂದದ್ದಕ್ಕೆ ನನಗೆ ಅಳು ಬಂತು. ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಇನ್ನೊಂದು ಲೋಟ ಚಹಾ ಬಗ್ಗಿಸಿದರು.

ನವೆಂಬರಿನ ಸಭೆಗೆ ಒಂದು ಗಂಟೆ ಮೊದಲೇ ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದೆ. ಬೆಂಚು ಪಾಸಾಯಿತು. ಮಾರ್ಚಿನಲ್ಲಿ ಅದನ್ನು ಹಸಿರು ಪೆಟ್ಟಿಗೆಯ ಪಕ್ಕದಲ್ಲೇ ನೆಟ್ಟರು. ಬೇರೆ ಅಮ್ಮಂದಿರು ಬಂದು ಕೂರುತ್ತಾರೆ. ನಾನು ಇನ್ನೂ ಕೂತಿಲ್ಲ. ಫೋಟೋ ತೆಗೆದು ಧಾರವಾಡಕ್ಕೆ ಕಳಿಸಿದೆ. ಆಂಟಿ ಆ ದಿನವೇ ಫೋನು ಮಾಡಿದರು. ಮಂಡಿಯ ಆಪರೇಷನ್ ಆಗಿದೆ, ಅಷ್ಟು ದೂರದ ಪ್ರಯಾಣ ಇನ್ನು ಬೇಡ ಎಂದು ಆಸ್ಪತ್ರೆಯವರು ಹೇಳಿದ್ದಾರಂತೆ. “ಬೆಂಚ್ ಭಾಳ ಛಂದ ಐತ್ರಿ, ಬೆನ್ನಿಗೆ ಆನಿಕಿನೂ ಕೊಟ್ಟಾರ,” ಎಂದು ಸಂತೋಷಪಟ್ಟರು. ಆಮೇಲೆ, “ಮತ್ತ ನಿಮ್ಮ ಇಂಗ್ಲೆಂಡಿನವರು ಹ್ಯಾಂಗ ಅದಾರ್ರಿ? ಎಷ್ಟು ಕೊಟ್ರಿ ಈ ಸಲ?” ಎಂದು ಕೇಳಿದರು.

“ನಾನು ಕೊಡೋದು ಬಿಟ್ಟಿದ್ದೀನಿ ಆಂಟಿ,” ಎಂದೆ. “ಎಷ್ಟೇ ದಡ್ಡರಾದ್ರೂ ಅವರು ದಿನಾ ಕ್ಲಾಸಿಗೆ ಬರ್ತಾರೆ.”